ಹೊಸ ಐಪಿಒ ಮೊದಲ ದಿನ ಏರುತ್ತಾ? ಯಾವ ಎಐ ದಾರಿ ಯಾರಿಗೆ ಸರಿ

2023ರ ನವೆಂಬರ್‌ನಲ್ಲಿ ಟಾಟಾ ಟೆಕ್ನಾಲಜೀಸ್ ಐಪಿಒ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಶೇರು ಮಾರುವುದು) ಬಂತು. ಶೇರಿಗೆ 500 ರೂಪಾಯಿ. ಲಿಸ್ಟ್ ಆದ ದಿನ, ಅಂದರೆ ಶೇರುಪೇಟೆಯಲ್ಲಿ ವ್ಯಾಪಾರ ಶುರುವಾದ ದಿನ, 1,200ಕ್ಕೆ ತೆರೆದು, ಸಂಜೆ ಹೊತ್ತಿಗೆ 1,313ರ ಸುತ್ತ ನಿಂತಿತು. 30 ಶೇರಿನ ಒಂದು ಲಾಟ್ (ಅರ್ಜಿ ಹಾಕಬಹುದಾದ ಕನಿಷ್ಠ ಕಟ್ಟು) ಸಿಕ್ಕವರಿಗೆ ಒಂದೇ ದಿನಕ್ಕೆ 24,000 ರೂಪಾಯಿಗಿಂತ ಜಾಸ್ತಿ ಲಾಭ. ಇದು ಏರುತ್ತೆ ಅಂತ ಊಹಿಸೋಕೆ ಎಐ ಬೇಕಿರಲಿಲ್ಲ. ಆ ವಾರ ಕಾಫಿ ಕುಡಿಯುತ್ತ ನಿಂತವರೆಲ್ಲ ಅದನ್ನೇ ಹೇಳುತ್ತಿದ್ದರು. ಆದರೆ ಶೇರು ಸಿಕ್ಕಿದ್ದು ಎಷ್ಟು ಜನಕ್ಕೆ? ನಮ್ಮಂಥ ಸಣ್ಣ ಹೂಡಿಕೆದಾರರಿಗೆ ಮೀಸಲಾದ ರೀಟೇಲ್ ಪಾಲಿಗೆ 16 ಪಟ್ಟಿಗಿಂತ ಜಾಸ್ತಿ ಅರ್ಜಿ ಬಿದ್ದಿದ್ದವು. ಉಳಿದದ್ದು ಲಾಟರಿ.

ಅದಕ್ಕೆ ಎರಡು ವರ್ಷ ಮುಂಚೆ, 2021ರ ನವೆಂಬರ್‌ನಲ್ಲಿ, ಪೇಟಿಎಂ ಬಂದಿತ್ತು. ಶೇರಿಗೆ 2,150 ರೂಪಾಯಿ. ಮೊದಲ ದಿನ ಮುಗಿದಾಗ 1,564. ರೀಟೇಲ್ ಪಾಲಿಗೆ ಬಂದ ಅರ್ಜಿ 1.66 ಪಟ್ಟು ಅಷ್ಟೇ. ಅಂದರೆ ಕೇಳಿದವರಲ್ಲಿ ಹೆಚ್ಚಿನವರಿಗೆ ಸಿಕ್ಕಿತು. 6 ಶೇರಿನ ಲಾಟಿಗೆ ಸುಮಾರು 3,500 ರೂಪಾಯಿ ನಷ್ಟ.

ಈಗ ಒಂದು ಸಣ್ಣ ಲೆಕ್ಕ. ಟಾಟಾ ಟೆಕ್ ಲಾಭ 24,400 ರೂಪಾಯಿ ಎನ್ನಿ. ಸಿಗುವ ಸಾಧ್ಯತೆ 16.5ರಲ್ಲಿ ಒಂದು. ಒಂದು ಅರ್ಜಿಯ ಸರಾಸರಿ ಲಾಭ ಸುಮಾರು 1,480 ರೂಪಾಯಿ. ಪೇಟಿಎಂ ನಷ್ಟ 3,516, ಸಿಗುವ ಸಾಧ್ಯತೆ 1.66ರಲ್ಲಿ ಒಂದು. ಒಂದು ಅರ್ಜಿಯ ಸರಾಸರಿ ನಷ್ಟ 2,100ಕ್ಕಿಂತ ಜಾಸ್ತಿ. (ಅರ್ಜಿಗಳ ಸಂಖ್ಯೆ ಹಿಡಿದು ಲೆಕ್ಕ ಹಾಕಿದರೆ ಸ್ವಲ್ಪ ಆಚೀಚೆ ಆಗುತ್ತದೆ. ಒಬ್ಬೊಬ್ಬರು ಹಲವು ಲಾಟ್ ಕೇಳಿರುತ್ತಾರಲ್ಲ.) ಒಂದು ಶೇರು 160% ಏರಿತು, ಇನ್ನೊಂದು 27% ಇಳಿಯಿತು. ಆದರೂ ನಿಮ್ಮ ಜೇಬಿನ ಮಟ್ಟಿಗೆ ಇಳಿದದ್ದೇ ದೊಡ್ಡದು!

ಎಐ ಟೂಲ್ ಆಯ್ಕೆ ಮಾಡುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. "ಯಾವುದು ಏರುತ್ತೆ ಅಂತ ಯಾವ ಎಐ ಚೆನ್ನಾಗಿ ಹೇಳುತ್ತೆ?" ಅಂತ ಕೇಳುತ್ತಾರೆ. "ಯಾವುದು ಬೀಳುತ್ತೆ ಅಂತ ಯಾವುದು ಚೆನ್ನಾಗಿ ಹಿಡಿಯುತ್ತೆ?" ಅಂತ ಕೇಳಬೇಕು. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಈ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಸಂತೆಯ ಟೊಮೆಟೊ ಲೆಕ್ಕ

ಕಂಪನಿ ತನ್ನ ಶೇರನ್ನು ಮಾರುಕಟ್ಟೆ ಕೊಡಲು ತಯಾರಿರುವ ಬೆಲೆಗಿಂತ ಕಮ್ಮಿಗೆ ಕೊಟ್ಟರೆ ಅದು ಅಂಡರ್‌ಪ್ರೈಸಿಂಗ್. ನಾವು ಲಿಸ್ಟಿಂಗ್ ಗೇನ್ ಅನ್ನುವುದು ಅದನ್ನೇ, ಈ ಕಡೆಯಿಂದ ನೋಡಿದಾಗ. ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಅಮೆರಿಕದಲ್ಲಿ 1999ರ ಡಾಟ್‌ಕಾಮ್ ಹುಚ್ಚಿನಲ್ಲಿ ಹೊಸ ಶೇರುಗಳು ಮೊದಲ ದಿನವೇ ಸರಾಸರಿ 70% ಆಸುಪಾಸು ಏರಿದ್ದವು.

ಯಾಕೆ ಕಮ್ಮಿಗೆ ಕೊಡುತ್ತಾರೆ? 1986ರಲ್ಲಿ ಕೆವಿನ್ ರಾಕ್ ಎಂಬ ಅರ್ಥಶಾಸ್ತ್ರಜ್ಞ ಒಂದು ಉತ್ತರ ಕೊಟ್ಟರು. ಸಂತೆಗೆ ಹೋಲಿಸಿದರೆ ಅದು ಸುಲಭವಾಗಿ ಅರ್ಥವಾಗುತ್ತದೆ. ಮಾಲು ಗೊತ್ತಿದ್ದವರು ಬೆಳಿಗ್ಗೆಯೇ ಬಂದು ಒಳ್ಳೆ ಟೊಮೆಟೊಗೆ ಮುಗಿಬೀಳುತ್ತಾರೆ. ನಮಗೆ ಅಲ್ಲಿ ಸಿಗುವುದು ಚೂರುಪಾರು. ಕೊಳೆತ ರಾಶಿಯ ಹತ್ತಿರ ಅವರು ಸುಳಿಯುವುದೇ ಇಲ್ಲ. ಅಲ್ಲಿ ನಮಗೆ ಕೇಳಿದಷ್ಟೂ ಸಿಗುತ್ತದೆ! ಹೀಗೇ ಆದರೆ ನಾವು ಸಂತೆಗೆ ಬರುವುದನ್ನೇ ಬಿಡುತ್ತೇವೆ. ನಮ್ಮನ್ನು ಉಳಿಸಿಕೊಳ್ಳಲು ಎಲ್ಲ ಮಾಲನ್ನೂ ಸರಾಸರಿ ಸ್ವಲ್ಪ ಅಗ್ಗ ಮಾಡಬೇಕಾಗುತ್ತದೆ.

ಸಿಂಗಾಪುರದಲ್ಲೂ ಶೇರು ಹಂಚುವುದು ಲಾಟರಿಯಲ್ಲೇ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿನ ಅಂಕಿಗಳನ್ನು ನೋಡಿತು. ಮೊದಲ ದಿನದ ಸರಾಸರಿ ಲಾಭ 27%. ಆದರೆ ಶೇರು ಸಿಗುವ ಸಾಧ್ಯತೆಯನ್ನು ಸೇರಿಸಿ ಲೆಕ್ಕ ಹಾಕಿದಾಗ ಅದು 1%ಕ್ಕೆ ಇಳಿಯಿತು. 27 ಎಲ್ಲಿ, 1 ಎಲ್ಲಿ!

"90% ನಿಖರ" ಅನ್ನುವ ಗಿಳಿ

ಒಂದು ಗಿಳಿ ಇದೆ ಅಂದುಕೊಳ್ಳಿ. ಯಾವ ಐಪಿಒ ಬಂದರೂ "ಹಾಕು, ಏರುತ್ತೆ" ಅನ್ನುತ್ತದೆ. 100 ಐಪಿಒಗಳಲ್ಲಿ 75 ಏರಿದರೆ ಗಿಳಿ 75% ನಿಖರ. ಒಂದು ಅಕ್ಷರ ಕಲಿಯದೆ.

ಈಗ ಎರಡು ಎಐ ಮಾದರಿಗಳನ್ನು ಪಕ್ಕದಲ್ಲಿಡೋಣ. ಅಂಕಿಗಳು ಸುಮ್ನೆ ಲೆಕ್ಕಕ್ಕಾಗಿ ಹಿಡಿದವು. ಮೊದಲನೆಯದು ಏರುವ 75ನ್ನೂ ಸರಿಯಾಗಿ ಹೇಳುತ್ತದೆ, ಬೀಳುವ 25ರಲ್ಲಿ 5ನ್ನು ಮಾತ್ರ ಹಿಡಿಯುತ್ತದೆ. ನಿಖರತೆ 80%. ಎರಡನೆಯದು ಅಳುಬುರುಕ ಸ್ವಭಾವದ್ದು. ಏರುವ 75ರಲ್ಲಿ 20ಕ್ಕೆ "ಬೇಡ" ಅಂತ ತಪ್ಪಾಗಿ ಹೇಳುತ್ತದೆ, ಆದರೆ ಬೀಳುವ 25ರಲ್ಲಿ 18ನ್ನು ಹಿಡಿಯುತ್ತದೆ. ನಿಖರತೆ 73%. ಗಿಳಿಗಿಂತಲೂ ಕಮ್ಮಿ.

ಲಾಟರಿ ಸೇರಿಸಿ, ಏರುವ ಒಂದು ಐಪಿಒದಿಂದ ಸರಾಸರಿ 400 ರೂಪಾಯಿ ಲಾಭ, ಬೀಳುವ ಒಂದರಿಂದ 1,200 ನಷ್ಟ ಎಂದು ಹಿಡಿಯಿರಿ. ಗಿಳಿಯ ಮಾತು ಕೇಳಿದವರಿಗೆ 30,000 ಬಂತು, 30,000 ಹೋಯಿತು. ಸೊನ್ನೆ. 80% ನಿಖರ ಮಾದರಿಯಿಂದ ಉಳಿದದ್ದು 6,000. 73% ನಿಖರ ಅಳುಬುರುಕನಿಂದ 13,600.

ಯಾರಾದರೂ "ನಮ್ಮ ಎಐ 90% ನಿಖರ" ಅಂದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಬಿದ್ದ ಐಪಿಒಗಳಲ್ಲಿ ಎಷ್ಟನ್ನು ಮೊದಲೇ ಹೇಳಿದ್ದಿರಿ? ಈ ಪ್ರಶ್ನೆಗೆ ಹೆಚ್ಚಿನ ಕಡೆ ಮೌನವೇ ಉತ್ತರ.

ಎಐ ಇಲ್ಲದ ದಾರಿ: ಜಿಎಂಪಿ

ಹೋಲಿಕೆ ಅಂದಮೇಲೆ ಮೊದಲ ಸಾಲಿನಲ್ಲಿ ಇದೇ ನಿಲ್ಲಬೇಕು. ಗ್ರೇ ಮಾರ್ಕೆಟ್ ಪ್ರೀಮಿಯಂ ಅಂದರೆ, ಲಿಸ್ಟ್ ಆಗದ ಶೇರಿಗೆ ಬಾಯಿಮಾತಿನ ಮೇಲೆ ನಡೆಯುವ ವ್ಯಾಪಾರದ ದರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ. ಇದಕ್ಕೆ ಶೇರುಪೇಟೆಯ ನಿಯಂತ್ರಕ ಸೆಬಿಯ ಮಾನ್ಯತೆ ಇಲ್ಲ, ದರ ಬರೆದಿಡುವ ಅಧಿಕೃತ ಜಾಗವೂ ಇಲ್ಲ. ತೆಳುವಾದ ಮಾರುಕಟ್ಟೆ ಆದ್ದರಿಂದ ಬೇಕಾದವರು ದರ ಏರಿಸಿ ತೋರಿಸಬಹುದು.

ಆದರೂ ಅದನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. ದುಡ್ಡು ಹಾಕಿದವರ ಊಹೆ ಅದು. 2024ರ ಅಕ್ಟೋಬರ್‌ನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾ ಐಪಿಒ ಹತ್ತಿರ ಬಂದಂತೆ ಗ್ರೇ ಮಾರ್ಕೆಟ್ ದರ ಜರ್ರನೆ ಇಳಿಯಿತು. ಲಿಸ್ಟಿಂಗ್ ದಿನ 1,960ರ ಶೇರು 1,820ರ ಹತ್ತಿರ ಮುಗಿಯಿತು. ಅಲ್ಲಿ ರೀಟೇಲ್ ಪಾಲು ಅರ್ಧದಷ್ಟೇ ತುಂಬಿತ್ತು. ಕೇಳಿದವರಿಗೆಲ್ಲ, ಕೇಳಿದಷ್ಟೂ ಸಿಕ್ಕಿತು. ಮೊದಲು ಹೇಳಿದ ಕೊಳೆತ ರಾಶಿ ನೆನಪಿದೆಯಲ್ಲ? 14 ಲಾಟ್ ಕೇಳಿದವರಿಗೆ 14 ಲಾಟೂ ಬಂದು, ಒಂದೇ ದಿನಕ್ಕೆ 13,000 ರೂಪಾಯಿಗಿಂತ ಜಾಸ್ತಿ ಕೈಬಿಟ್ಟಿತು.

ಜಿಎಂಪಿಯನ್ನು ನಾನು ಸಲಹೆ ಅಂತ ನೋಡುವುದಿಲ್ಲ, ಅಳತೆಗೋಲು ಅಂತ ನೋಡುತ್ತೇನೆ. ಯಾವುದೇ ಎಐ ಮಾದರಿ ಅದಕ್ಕಿಂತ ಚೆನ್ನಾಗಿ ಹೇಳದಿದ್ದರೆ ಕಂಪ್ಯೂಟರಿನ ಕರೆಂಟ್ ದಂಡ.

ಎಕ್ಸೆಲ್ ಮತ್ತು ರಿಗ್ರೆಶನ್

ಹಳೇ ದಾರಿ. ಇಶ್ಯೂ ಗಾತ್ರ, ಆಫರ್ ಫಾರ್ ಸೇಲ್ (ಹಳೇ ಶೇರುದಾರರು ಮಾರುವ) ಪಾಲು, ಕ್ಯೂಐಬಿ (ಮ್ಯೂಚುವಲ್ ಫಂಡ್‌ನಂಥ ದೊಡ್ಡ ಸಂಸ್ಥೆಗಳ) ಪಟ್ಟು, ಆ ತಿಂಗಳ ನಿಫ್ಟಿ ಏರಿಳಿತ, ಇಂಥ ನಾಲ್ಕೈದು ಕಾಲಂ ಕೊಟ್ಟು ಒಂದು ಗೆರೆ ಎಳೆಯುವುದು. ದೊಡ್ಡ ಗುಣ ಏನೆಂದರೆ, ಯಾಕೆ ಹಾಗೆ ಹೇಳಿತು ಅಂತ ಕಣ್ಣಿಗೆ ಕಾಣುತ್ತದೆ. ದೋಷ, ಐಪಿಒ ಲಾಭಗಳು ಗೆರೆಯ ಮೇಲೆ ಕೂರುವ ಜಾತಿಯಲ್ಲ. ಬಜಾಜ್ ಹೌಸಿಂಗ್ ಫೈನಾನ್ಸ್ 2024ರ ಸೆಪ್ಟೆಂಬರ್‌ನಲ್ಲಿ 70ರಿಂದ ಒಂದೇ ದಿನ 165ಕ್ಕೆ ಹೋಯಿತು. ಇಂಥ ನಾಲ್ಕು ಬಿಂದು ಸಾಕು, ಇಡೀ ಗೆರೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಅದಕ್ಕೇ ಎಷ್ಟು ಶೇಕಡಾ ಅಂತ ಕೇಳದೆ, ಏರುತ್ತಾ ಬೀಳುತ್ತಾ ಅಂತ ಮಾತ್ರ ಕೇಳುವ ಲಾಜಿಸ್ಟಿಕ್ ರಿಗ್ರೆಶನ್ ಇಲ್ಲಿ ಮೇಲು. ಕೋಡಿಂಗ್ ಬಾರದವರು ಇಲ್ಲಿಂದ ಶುರು ಮಾಡಬಹುದು.

ರ್‍ಯಾಂಡಮ್ ಫಾರೆಸ್ಟ್: ಅರಳಿಕಟ್ಟೆಯ ಪಂಚಾಯಿತಿ

ನನ್ನ ಓಟು ಇದಕ್ಕೆ. ಅದಕ್ಕೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಅರಳಿಕಟ್ಟೆಯ ಮೇಲೆ 500 ಜನ ಕೂತಿದ್ದಾರೆ. ಒಬ್ಬೊಬ್ಬರಿಗೂ ಹಳೆಯ ಐಪಿಒಗಳ ಬೇರೆ ಬೇರೆ ಚೀಟಿ ಕೊಟ್ಟಿದ್ದೀರಿ. ಒಬ್ಬನಿಗೆ ಕ್ಯೂಐಬಿ ಪಟ್ಟು ಗೊತ್ತು, ಸಾಲದ ಲೆಕ್ಕ ಗೊತ್ತಿಲ್ಲ. ಇನ್ನೊಬ್ಬನಿಗೆ ಅದು ತಿರುಗುಮುರುಗು. ಪ್ರತಿಯೊಬ್ಬನೂ "ಹೀಗಿದ್ದರೆ ಹಾಗೆ" ಅಂತ ತನ್ನದೇ ಮರ ಕಟ್ಟಿ ತೀರ್ಪು ಹೇಳುತ್ತಾನೆ. ಬಹುಮತ ಏನೋ ಅದೇ ಉತ್ತರ. ಒಬ್ಬನ ಮೂರ್ಖತನ ಇನ್ನೊಬ್ಬನ ಮೂರ್ಖತನದಲ್ಲಿ ಕರಗಿ ಹೋಗುತ್ತದೆ. ಲಿಯೊ ಬ್ರೈಮನ್ 2001ರಲ್ಲಿ ಮುಂದಿಟ್ಟ ಉಪಾಯ ಇದು.

2017ರಲ್ಲಿ ಸ್ಪೇನಿನ ಸಂಶೋಧಕರು ಅಮೆರಿಕದ ಐಪಿಒಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಬೇರೆ ಎಂಟು ವಿಧಾನಗಳ ಜೊತೆ ಓಡಿಸಿದಾಗ ರ್‍ಯಾಂಡಮ್ ಫಾರೆಸ್ಟ್‌ನ ಊಹೆಯೇ ಸರಾಸರಿಯಲ್ಲಿ ಮುಂದೆ ಬಂತು. ಆಶ್ಚರ್ಯ ಇಲ್ಲ. ಐಪಿಒ ಡೇಟಾ ಕಮ್ಮಿ, ಗದ್ದಲ ಜಾಸ್ತಿ, ಮಧ್ಯೆ ಮಧ್ಯೆ ಹುಚ್ಚು ಏರಿಕೆಗಳು. ಇಂಥ ಕಡೆ ಪಂಚಾಯಿತಿಯೇ ಲೇಸು.

ನಮ್ಮಂಥವರಿಗೆ ಇನ್ನೊಂದು ಅನುಕೂಲ ಇದೆ. "ಬೀಳುವುದನ್ನು ತಪ್ಪಿಸಿಕೊಂಡರೆ ಮೂರು ಪಟ್ಟು ದಂಡ" ಅಂತ ಮಾದರಿಗೆ ಮೊದಲೇ ತೂಕ ಹೇಳಿ ಕಲಿಸಬಹುದು. ಮೇಲಿನ ಅಳುಬುರುಕ ಹುಟ್ಟುವುದು ಹೀಗೆ. ಪೈಥಾನ್ ಎಂಬ ಕೋಡಿಂಗ್ ಭಾಷೆಯಲ್ಲಿ ಇದಕ್ಕೆ ಒಂದೇ ಒಂದು ಸೆಟ್ಟಿಂಗ್ ಸಾಕು. ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಇದ್ದರೂ ಆದೀತು.

ಎಕ್ಸ್‌ಜಿಬೂಸ್ಟ್ ಇದರ ಜಾಣ ತಮ್ಮ. ಅಲ್ಲಿ ಮರಗಳು ಒಟ್ಟಿಗೆ ಕೂರುವುದಿಲ್ಲ. ಹಿಂದಿನವನ ತಪ್ಪನ್ನು ಮುಂದಿನವನು ತಿದ್ದುತ್ತಾ ಸಾಲಾಗಿ ಬರುತ್ತಾರೆ. ಸಾವಿರಾರು ಸಾಲಿನ ಡೇಟಾ ಇದ್ದರೆ ಅದಕ್ಕೆ ಸಾಟಿ ಇಲ್ಲ. ಕೆಲವೇ ನೂರು ಸಾಲಿದ್ದರೆ ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದ ಹುಡುಗನ ಹಾಗೆ. ಹೊಸ ಪ್ರಶ್ನೆ ಬಂದರೆ ಬೆವರುತ್ತಾನೆ.

ನ್ಯೂರಲ್ ನೆಟ್‌ವರ್ಕ್

ಐಪಿಒ ಬೆಲೆಗೆ ನ್ಯೂರಲ್ ನೆಟ್‌ವರ್ಕ್ ಬಳಸುವ ಪ್ರಯತ್ನ ಹೊಸದಲ್ಲ. 1995ರಲ್ಲೇ ಅಮೆರಿಕದಲ್ಲಿ ಇದರ ಬಗ್ಗೆ ಪ್ರಬಂಧ ಬಂದಿದೆ. ಆದರೆ ನಮಗೆ ಹೊಂದುವುದಿಲ್ಲ. ಕಾರಣ ಸರಳ. ನಮ್ಮ ಮೇನ್‌ಬೋರ್ಡ್‌ನಲ್ಲಿ (ದೊಡ್ಡ ಕಂಪನಿಗಳ ಮುಖ್ಯ ಪೇಟೆಯಲ್ಲಿ) 2021ರಲ್ಲಿ ಬಂದದ್ದು 63 ಐಪಿಒ, 2023ರಲ್ಲಿ 57. ಐಪಿಒ ಭರಾಟೆಯ 2024ರಲ್ಲೂ 91. ಇಷ್ಟು ಅನ್ನಕ್ಕೆ ಆ ಆನೆಯ ಹೊಟ್ಟೆ ತುಂಬುವುದಿಲ್ಲ.

ಚಾಟ್‌ಬಾಟ್: ಓದಿಸಿ, ಭವಿಷ್ಯ ಕೇಳಬೇಡಿ

ಈಗ ಎಲ್ಲರ ಕೈಯಲ್ಲಿ ಇರುವುದು ಇದೇ. "ಈ ಐಪಿಒ ಹಾಕಲಾ?" ಅಂತ ಟೈಪ್ ಮಾಡಿದರೆ ಚಾಟ್‌ಬಾಟ್ ಚೆಂದದ ಉತ್ತರ ಕೊಡುತ್ತದೆ. ಒಂದು ಪ್ಯಾರಾ ಹೌದು, ಒಂದು ಪ್ಯಾರಾ ಇಲ್ಲ, ಕೊನೆಗೆ ತಜ್ಞರನ್ನು ಕೇಳಿ. ಅಂಗೈ ನೋಡುವವರೂ ಇಷ್ಟು ಹುಷಾರಾಗಿ ಮಾತಾಡುವುದಿಲ್ಲ.

ಕೆಲವರು ಪರೀಕ್ಷೆ ಮಾಡಿದೆವು ಅನ್ನುತ್ತಾರೆ. ಹಳೆಯ 50 ಐಪಿಒಗಳನ್ನು ಚಾಟ್‌ಬಾಟ್‌ಗೆ ಕೊಟ್ಟೆವು, ಬಹುಪಾಲು ಸರಿ ಹೇಳಿತು ಅಂತ. ಹೇಳದೆ ಇನ್ನೇನು? ಅದು ಕಲಿತ ಬರಹಗಳಲ್ಲಿ ಆ ಶೇರುಗಳ ಲಿಸ್ಟಿಂಗ್ ಸುದ್ದಿಯೂ ಇತ್ತು. ಉತ್ತರ ಗೊತ್ತಿದ್ದವನಿಗೆ ಪರೀಕ್ಷೆ ಕೊಟ್ಟ ಹಾಗಾಯಿತು. ಚಾಟ್‌ಬಾಟ್‌ನ ಊಹೆ ನಂಬಬೇಕಾದರೆ, ಅದರ ಕಲಿಕೆ ಮುಗಿದ ಮೇಲೆ ಬಂದ ಐಪಿಒಗಳಲ್ಲಿ ಮಾತ್ರ ನೋಡಬೇಕು.

ಆದರೆ ಓದುವ ಕೆಲಸಕ್ಕೆ ಅದು ಬಂಗಾರ. ಒಂದು ಆರ್‌ಎಚ್‌ಪಿ (ಐಪಿಒಗೆ ಮುಂಚೆ ಕಂಪನಿ ಕೊಡುವ ವಿವರಪತ್ರ) 400, 500 ಪುಟ ಇರುತ್ತದೆ. ನಾವ್ಯಾರೂ ಓದುವುದಿಲ್ಲ ಅಂತ ಕಂಪನಿಗೂ ಗೊತ್ತು. ಪಿಡಿಎಫ್ ಹಾಕಿ ಇಂಥ ಪ್ರಶ್ನೆ ಕೇಳಿ: ದುಡ್ಡಲ್ಲಿ ಎಷ್ಟು ಕಂಪನಿಗೆ ಹೋಗುತ್ತದೆ, ಎಷ್ಟು ಹಳೇ ಶೇರುದಾರರ ಜೇಬಿಗೆ? ಮೊದಲ ಹತ್ತು ಗ್ರಾಹಕರಿಂದ ಎಷ್ಟು ಪಾಲು ಆದಾಯ? ಬೆಲೆ ಸಮರ್ಥಿಸಲು ಯಾವ ಕಂಪನಿಗಳ ಜೊತೆ ಹೋಲಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ? ಪ್ರತಿ ಉತ್ತರಕ್ಕೂ ಪುಟ ಸಂಖ್ಯೆ ಕೇಳಿ, ಆ ಪುಟ ತೆರೆದು ನೋಡಿ. ಇಲ್ಲದ ಅಂಕಿಯನ್ನು ಇದೆ ಅಂತ ಹೇಳುವ ಚಟ ಚಾಟ್‌ಬಾಟ್‌ಗೆ ಇನ್ನೂ ಹೋಗಿಲ್ಲ.

ಅಂದಹಾಗೆ, ಆಫರ್ ಫಾರ್ ಸೇಲ್ ಜಾಸ್ತಿ ಇದ್ದರೆ ಶೇರು ಬೀಳುತ್ತೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಎಲ್‌ಐಸಿ ಪೂರ್ತಿ ಆಫರ್ ಫಾರ್ ಸೇಲ್, ಬಿತ್ತು. ಹ್ಯುಂಡೈ ಪೂರ್ತಿ ಅದೇ, ಬಿತ್ತು. ಟಾಟಾ ಟೆಕ್ನಾಲಜೀಸ್? ಅದೂ ಪೂರ್ತಿ ಆಫರ್ ಫಾರ್ ಸೇಲ್. ಒಂದು ಕಾಲಂ ನೋಡಿ ಭವಿಷ್ಯ ಹೇಳುವವರ ಕೈ ಕಟ್ಟಿಹಾಕಲು ಈ ಮೂರು ಹೆಸರು ಸಾಕು.

ಬರಹದ ಧಾಟಿಯಿಂದಲೂ ಸುಳಿವು ಸಿಗುತ್ತದೆ. ಅಮೆರಿಕದ ಸಂಶೋಧಕರಾದ ಲಾಫ್ರನ್ ಮತ್ತು ಮೆಕ್‌ಡೊನಾಲ್ಡ್ 2013ರಲ್ಲಿ ಕಂಡುಕೊಂಡದ್ದು ಇದು. ಪ್ರಾಸ್ಪೆಕ್ಟಸ್‌ನಲ್ಲಿ "ಆಗಬಹುದು, ಇರಬಹುದು" ಎಂಬಂಥ ಅನಿಶ್ಚಿತ ಮಾತು ಜಾಸ್ತಿ ಇದ್ದರೆ ಮೊದಲ ದಿನದ ಏರಿಕೆಯೂ ಜಾಸ್ತಿ. ಬೆಲೆ ಕಟ್ಟುವುದು ಕಷ್ಟವಾದಷ್ಟೂ ರಿಯಾಯಿತಿ ಜಾಸ್ತಿ, ಅಷ್ಟೆ. ಇದೇ ಇಬ್ಬರು ಅದಕ್ಕೂ ಮೊದಲು, 2011ರಲ್ಲಿ, ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ಸಾಮಾನ್ಯ ನಿಘಂಟು ಕೆಟ್ಟ ಪದ ಅಂತ ಎಣಿಸುವ ಪದಗಳಲ್ಲಿ ಮುಕ್ಕಾಲು ಪಾಲು ಹಣಕಾಸಿನ ಬರಹದಲ್ಲಿ ಕೆಟ್ಟವೇ ಅಲ್ಲ. ತೆರಿಗೆ, ವೆಚ್ಚ, ಹೊಣೆ, ಇವೆಲ್ಲ ಬ್ಯಾಲೆನ್ಸ್ ಶೀಟಿನ ದಿನಬಳಕೆ ಮಾತು. ಸಾಮಾನ್ಯ ಸೆಂಟಿಮೆಂಟ್ ಟೂಲ್‌ಗೆ ಆರ್‌ಎಚ್‌ಪಿ ಕೊಟ್ಟರೆ ಅದು ಮೊದಲ ಪುಟದಿಂದಲೇ ಅಳಲು ಶುರು ಮಾಡುತ್ತದೆ.

ರೆಡಿಮೇಡ್ "ಎಐ ಸ್ಕೋರ್" ಆ್ಯಪ್‌ಗಳು

ಇಲ್ಲಿ ಉದ್ದ ಎಳೆಯುವುದಿಲ್ಲ. ಸೆಬಿಯಲ್ಲಿ ನೋಂದಾಯಿತರಾ ನೋಡಿ. ನೋಂದಾಯಿತ ಸಲಹೆಗಾರರು ಮತ್ತು ರಿಸರ್ಚ್ ಅನಲಿಸ್ಟ್‌ಗಳು ಎಐ ಬಳಸುತ್ತಿದ್ದರೆ ಗ್ರಾಹಕರಿಗೆ ಹೇಳಬೇಕು, ತಪ್ಪಾದರೆ ಹೊಣೆ ಅವರದೇ ಅಂತ 2024ರ ಡಿಸೆಂಬರ್‌ನಲ್ಲಿ ನಿಯಮ ಬಂದಿದೆ. ಆಮೇಲೆ ಅವರ ಹಳೇ ಊಹೆಗಳ ಪಟ್ಟಿ ಕೇಳಿ. ಲಿಸ್ಟಿಂಗ್‌ಗೆ ಮುಂಚಿನ ತಾರೀಕಿನ ಜೊತೆ, ತಪ್ಪಿದ್ದೂ ಸೇರಿ. ಟೆಲಿಗ್ರಾಂ ಚಾನೆಲ್‌ಗಳಲ್ಲಿ ತಪ್ಪಿದ ಪೋಸ್ಟ್ ರಾತ್ರೋರಾತ್ರಿ ಮಾಯವಾಗುವುದನ್ನು ನಾನೇ ನೋಡಿದ್ದೇನೆ.

ನಾನು ಎಡವಿದ ಕಲ್ಲು

ಸ್ವಂತ ಮಾದರಿ ಕಟ್ಟುವವರಿಗೆ ಇದು ಮುಖ್ಯ. ನಾನು ಮೊದಲು ಮಾಡಿದ ಮಾದರಿ ಅದ್ಭುತವಾಗಿತ್ತು. ಎಷ್ಟು ಅದ್ಭುತ ಅಂದರೆ ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ತಪ್ಪು ಕಂಡಿತು. ಪ್ರತಿ ಐಪಿಒದ ಅಂತಿಮ ಸಬ್‌ಸ್ಕ್ರಿಪ್ಶನ್ (ಎಷ್ಟು ಪಟ್ಟು ಅರ್ಜಿ ಬಂತು ಅನ್ನುವ) ಅಂಕಿಯನ್ನು ಕಾಲಂ ಮಾಡಿದ್ದೆ. ಆ ಅಂಕಿ ಹೊರಬರುವುದು ಅರ್ಜಿ ಹಾಕುವ ಸಮಯ ಮುಗಿದ ಮೇಲೆ! ಬಸ್ಸು ಹೋದಮೇಲೆ ಅದರ ನಂಬರ್ ಕರೆಕ್ಟಾಗಿ ಹೇಳುವ ಮಾದರಿ ಕಟ್ಟಿದ್ದೆ.

ಇನ್ನೊಂದು ಕಲ್ಲು ಇದಕ್ಕಿಂತ ಸೂಕ್ಷ್ಮ. ಎಚ್‌ಎನ್‌ಐ (2 ಲಕ್ಷಕ್ಕಿಂತ ಹೆಚ್ಚು ಹಾಕುವ ಶ್ರೀಮಂತರ) ಪಟ್ಟು ಎನ್ನುವ ಕಾಲಂ 2022ರ ಏಪ್ರಿಲ್‌ಗೆ ಮುಂಚೆ ಒಂದು ಅರ್ಥ, ಆಮೇಲೆ ಇನ್ನೊಂದು. ಮೊದಲೆಲ್ಲ ಎನ್‌ಬಿಎಫ್‌ಸಿಗಳಿಂದ (ಬ್ಯಾಂಕ್ ಅಲ್ಲದ ಸಾಲ ಸಂಸ್ಥೆಗಳಿಂದ) ಕೋಟಿಗಟ್ಟಲೆ ಸಾಲ ತಂದು ಅರ್ಜಿ ಹಾಕುತ್ತಿದ್ದರು, ಪಟ್ಟು ನೂರಾರಕ್ಕೆ ಹೋಗುತ್ತಿತ್ತು. ಆ ತಿಂಗಳಿಂದ ಆರ್‌ಬಿಐ ಒಬ್ಬರಿಗೆ ಒಂದು ಕೋಟಿ ಅಂತ ಮಿತಿ ಹಾಕಿತು. ಸೆಬಿಯೂ ಆ ಪಾಲನ್ನು ಎರಡು ಭಾಗ ಮಾಡಿ, 2ರಿಂದ 10 ಲಕ್ಷದವರಿಗೆ ಬೇರೆ ಜಾಗ ಕೊಟ್ಟಿತು. ಎರಡೂ ಕಾಲದ ಡೇಟಾವನ್ನು ಒಂದೇ ಪಾತ್ರೆಯಲ್ಲಿ ಕಲಸಿದರೆ ಎಐಗೆ ತಲೆ ಕೆಡುತ್ತದೆ. ತಪ್ಪು ಅದರದಲ್ಲ.

ಲಿಸ್ಟಿಂಗ್ ದಿನಗಳೂ ಬದಲಾಗಿವೆ. ರಿಲಯನ್ಸ್ ಪವರ್ 2008ರ ಜನವರಿ ಮಧ್ಯದಲ್ಲಿ 70 ಪಟ್ಟಿಗಿಂತ ಜಾಸ್ತಿ ಅರ್ಜಿ ತೆಗೆದುಕೊಂಡಿತು. ಅದೇ ತಿಂಗಳು 21ರಂದು ಮಾರುಕಟ್ಟೆ ಕುಸಿಯಿತು. ಲಿಸ್ಟ್ ಆದದ್ದು ಫೆಬ್ರವರಿ 11ಕ್ಕೆ. 450ರ ಶೇರು 372ರ ಹತ್ತಿರ ಮುಗಿಯಿತು. ಆ ಮೂರಕ್ಕೂ ಹೆಚ್ಚು ವಾರದಲ್ಲಿ ಏನಾಗುತ್ತೆ ಅಂತ ಯಾವ ಮಾದರಿಯೂ ಹೇಳುತ್ತಿರಲಿಲ್ಲ. 2023ರ ಡಿಸೆಂಬರ್‌ನಿಂದ ಇಶ್ಯೂ ಮುಗಿದ ಮೂರು ಕೆಲಸದ ದಿನದಲ್ಲಿ ಲಿಸ್ಟಿಂಗ್ ಕಡ್ಡಾಯ. ಊಹೆಗೆ ಈಗ ಸ್ವಲ್ಪ ಗಟ್ಟಿ ನೆಲ ಸಿಕ್ಕಿದೆ.

ಇನ್ನೂ ಹಳೆಯ ಡೇಟಾ ಬೇಕಾ? 1993ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಶೇರು ಕೊಟ್ಟಾಗ ಕೊಳ್ಳುವವರೇ ಸಾಲಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ 13% ತೆಗೆದುಕೊಂಡಿತು. ಲಿಸ್ಟ್ ಆದಾಗ 145. ಸಬ್‌ಸ್ಕ್ರಿಪ್ಶನ್ ನೋಡಿ ಕಲಿತ ಎಐ ಇದನ್ನು ಕಣ್ಣುಮುಚ್ಚಿ ತಿರಸ್ಕರಿಸುತ್ತಿತ್ತು.

ಯಾವ ಬೆಲೆ ಊಹಿಸಬೇಕು?

ಟೂಲ್ ಹೋಲಿಸುವ ಮುಂಚೆ ಇದನ್ನೂ ಕೇಳಿ. ತೆರೆಯುವ ಬೆಲೆಯಾ, ದಿನದ ಕೊನೆಯ ಬೆಲೆಯಾ? ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್‌ನಲ್ಲಿ 76ಕ್ಕೆ ಬಂತು, 76ಕ್ಕೇ ತೆರೆಯಿತು, 91ಕ್ಕೆ ಮುಗಿಯಿತು. "ಲಾಭ ಇಲ್ಲ" ಅಂದ ಮಾದರಿಯೂ ಸರಿ, "20% ಏರುತ್ತೆ" ಅಂದದ್ದೂ ಸರಿ! ಅದೇ ವರ್ಷ ಮುಗಿಯುವ ಮುಂಚೆ ಶೇರು 76ರ ಕೆಳಗೂ ಹೋಗಿ ಬಂತು.

ನೀವು ಯಾವಾಗ ಮಾರುತ್ತೀರೋ ಆ ಬೆಲೆಯನ್ನೇ ಊಹಿಸುವ ಟೂಲ್ ಬೇಕು. 2021ರ ಏಪ್ರಿಲ್‌ನಿಂದ 2023ರ ಡಿಸೆಂಬರ್‌ವರೆಗಿನ 144 ಐಪಿಒಗಳನ್ನು ಸೆಬಿ ನೋಡಿದಾಗ, ವೈಯಕ್ತಿಕ ಹೂಡಿಕೆದಾರರು ಸಿಕ್ಕಿದ ಶೇರುಗಳಲ್ಲಿ ಅರ್ಧದಷ್ಟನ್ನು ವಾರದೊಳಗೆ ಮಾರಿದ್ದರು. 20%ಕ್ಕಿಂತ ಜಾಸ್ತಿ ಏರಿದ ಕಡೆ 67.6% ಮಾರಿದ್ದರು. ಬಿದ್ದ ಕಡೆ 23.3% ಮಾತ್ರ. ಲಾಭ ಬಂದರೆ ಓಡುತ್ತೇವೆ, ನಷ್ಟ ಬಂದರೆ ಕೂತು ಕಾಯುತ್ತೇವೆ. ಯಾವ ಎಐಯೂ ಈ ಕಾಲಂ ಕೇಳುವುದಿಲ್ಲ. ತಕ್ಷಣ ಮಾರಿದ ಲಾಭಕ್ಕೆ ಈಗ 20% ತೆರಿಗೆ, ಅದನ್ನೂ ಕಳೆಯಿರಿ.

ಎಸ್‌ಎಂಇ ಐಪಿಒಗಳಿಗೆ?

ಎಸ್‌ಎಂಇ ಅಂದರೆ ಸಣ್ಣ, ಮಧ್ಯಮ ಕಂಪನಿಗಳ ಬೇರೆ ಪೇಟೆ. ನನ್ನ ಮಟ್ಟಿಗೆ ಬೇಡ. 2024ರ ಆಗಸ್ಟ್‌ನಲ್ಲಿ ಎರಡು ಬೈಕ್ ಶೋರೂಮ್, ಎಂಟು ನೌಕರರಿದ್ದ ದೆಹಲಿಯ ಒಂದು ಕಂಪನಿ 12 ಕೋಟಿ ಕೇಳಿತು. ಬಂದ ಅರ್ಜಿ 4,000 ಕೋಟಿಗೂ ಮೇಲೆ. ಇಲ್ಲಿ ಕಲಿಯುವುದಕ್ಕೆ ಏನಿದೆ? ಅದೇ ವರ್ಷದ ಜುಲೈನಲ್ಲಿ ಎನ್‌ಎಸ್‌ಇ (ರಾಷ್ಟ್ರೀಯ ಶೇರುಪೇಟೆ) ಎಸ್‌ಎಂಇ ಶೇರುಗಳ ತೆರೆಯುವ ಬೆಲೆಗೆ 90% ಏರಿಕೆಯ ಮಿತಿ ಹಾಕಿತು. ಅದಕ್ಕೆ ಮುಂಚಿನ ಡೇಟಾ ಒಂದು ಲೋಕದ್ದು, ಆಮೇಲಿನದು ಇನ್ನೊಂದು ಲೋಕದ್ದು.

ಹಾಗಾದರೆ ಯಾರಿಗೆ ಯಾವುದು?

ವರ್ಷಕ್ಕೆ ನಾಲ್ಕೈದು ಐಪಿಒ ಹಾಕುವವರಿಗೆ ಮಾದರಿ ಕಟ್ಟುವ ಗೊಡವೆ ಬೇಡ. ಚಾಟ್‌ಬಾಟ್‌ನಲ್ಲಿ ಆರ್‌ಎಚ್‌ಪಿ ಓದಿಸಿ, ಜಿಎಂಪಿ ಯಾವ ಕಡೆ ಸರಿಯುತ್ತಿದೆ ನೋಡಿ, ಅಷ್ಟು ಸಾಕು. ಬಂದದ್ದಕ್ಕೆಲ್ಲ ಹಾಕುವವರಾದರೆ, ಸ್ವಲ್ಪ ಪೈಥಾನ್ ಬಂದರೆ, 2022ರ ಏಪ್ರಿಲ್ ನಂತರದ ಮೇನ್‌ಬೋರ್ಡ್ ಡೇಟಾ ಮಾತ್ರ ಇಟ್ಟುಕೊಂಡು ರ್‍ಯಾಂಡಮ್ ಫಾರೆಸ್ಟ್ ಕಟ್ಟಿ. ಬೀಳುವುದಕ್ಕೆ ಜಾಸ್ತಿ ತೂಕ ಕೊಡಿ. ಹಳೆಯದರಲ್ಲಿ ಕಲಿಸಿ, ಹೊಸದರಲ್ಲಿ ಪರೀಕ್ಷಿಸಿ. ಕಾಲ ಕಲಸಬೇಡಿ.

ಆಮೇಲೆ ಕೊನೆಯ ದಿನದ ಗಡಿಯಾರ. ಕ್ಯೂಐಬಿ ಮತ್ತು ಎಚ್‌ಎನ್‌ಐಗಳ ಬಿಡ್ ಸಂಜೆ 4ಕ್ಕೆ ಮುಗಿಯುತ್ತದೆ. ದೊಡ್ಡವರು ಹೆಚ್ಚಾಗಿ ಕೊನೆಯ ದಿನವೇ ಬರುವುದು. ಯುಪಿಐ ಮ್ಯಾಂಡೇಟ್ (ಖಾತೆಯಲ್ಲಿ ಹಣ ತಡೆಹಿಡಿಯಲು ಕೊಡುವ ಅನುಮತಿ) ಒಪ್ಪಲು ನಮಗೆ 5ರವರೆಗೆ ಸಮಯ ಇದೆ. ಹಾಗಾಗಿ ನಾನು ಮಧ್ಯಾಹ್ನ 2ರ ಒಳಗೆ ಅರ್ಜಿ ಹಾಕಿಬಿಡುತ್ತೇನೆ, ಮ್ಯಾಂಡೇಟ್ ಮಾತ್ರ ಒಪ್ಪುವುದಿಲ್ಲ. 4 ಗಂಟೆಗೆ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಕ್ಯೂಐಬಿ, ಎಚ್‌ಎನ್‌ಐ ಅಂಕಿ ನೋಡಿ ಮಾದರಿಗೆ ತುಂಬುತ್ತೇನೆ. ಪೇಟಿಎಂನಲ್ಲಿ ಎಚ್‌ಎನ್‌ಐ ಪಾಲು ಕಾಲು ಭಾಗವೂ ತುಂಬಿರಲಿಲ್ಲ. ಅಂಥದ್ದು ಕಂಡರೆ ಮ್ಯಾಂಡೇಟ್ ಹಾಗೇ ಬಿಟ್ಟರೆ ಆಯಿತು, ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ಸರಿ ಅನ್ನಿಸಿದರೆ 4:30ರ ಒಳಗೆ ಪಿನ್ ಒತ್ತಿಬಿಡಿ. ಬ್ಯಾಂಕಿನ ಸರ್ವರ್ 4:50ಕ್ಕೆ ಏನು ಮಾಡುತ್ತೆ ಅಂತ ಊಹಿಸುವ ಎಐ ನನಗಂತೂ ಸಿಕ್ಕಿಲ್ಲ.